ಹಿಡಿದವನನ್ನು ಬಿಡಬೇಕಂತೆ

ಕಾಪು
14-3-1982

ಚಂದು,

ಪತ್ರದ ತಲೆಯಲ್ಲಿ ಕ್ಷೇಮ ಸಮಾಚಾರ ಬರೆಯುವ ಕ್ರಮ ಉಂಟು. ನಾನು ಸಿಟ್ಟಿನಲ್ಲಿದ್ದೇನೆ, ಅದನ್ನೇ ಸಮಾಚಾರ ಎಂದು ತಿಳಿದುಕೋ. ಉಳಿದವರು ಚೆನ್ನಾಗಿದ್ದಾರೆ.

ನೀನು ಕುಶಲಾಳಿಗೆ ಕಳುಹಿಸಿದ ಫೋಟೋ ನಿನ್ನೆ ಬಂತು. ಅವಳು ಅದನ್ನು ಮೊದಲು ಒಳಗೆ ಕೊಂಡುಹೋಗಿ ನೋಡಿದಳು. ಆಮೇಲೆ ನಿನ್ನ ಅತ್ತಿಗೆಗೆ ತೋರಿಸಿದಳು. ಮನೋರಮಾ ಅದನ್ನು ತಂದು ನನ್ನ ಊಟದ ಬಟ್ಟಲಿನ ಪಕ್ಕದಲ್ಲಿಟ್ಟಳು. ಗಂಡ ದುಬೈಯ ಕಂಪೆನಿಯ ಸ್ಟೋರಿನಲ್ಲಿ ಪೈಪು, ನಟ್ಟು, ಬೋಲ್ಟು ನೋಡಿಕೊಳ್ಳುತ್ತಾನೆ ಎಂದು ನಂಬಿ ಕೂತ ಹೆಣ್ಣಿಗೆ ನೀನು ಕಳುಹಿಸಿದ್ದೇನು? ಚಡ್ಡಿ ಹಾಕಿಕೊಂಡು, ಮೈಯೆಲ್ಲ ಮರಳು ಮಾಡಿಕೊಂಡು, ಕೆಂಪು ಮುಖದ ಒಬ್ಬ ಇಂಗ್ಲಿಷಿನವನ ಕಾಲು ತಬ್ಬಿಕೊಂಡು ನೆಲಕ್ಕೆ ಬಿದ್ದಿರುವ ಚಿತ್ರ! ಮನೋರಮಾ ಕೇಳಿದಳು: “ಇದೆಂತ, ಇವ ಅವನಿಗೆ ನಮಸ್ಕಾರ ಮಾಡುವುದಾ, ಅವನನ್ನು ಬೀಳಿಸುವುದಾ?” ಫೋಟೋದ ಹಿಂಬದಿಯಲ್ಲಿ ನಿನ್ನದೇ ಅಕ್ಷರ: ‘ರಗ್ಬಿ ಆಡುವಾಗ.’

ಎರಡು ವರ್ಷದ ಹಿಂದೆ ಕಾರ್ಕಳದ ಕಬಡ್ಡಿ ಪಂದ್ಯಾಟದ ಮುಂಚೆ ನೀನು ನನ್ನ ಎದುರು ನಿಂತು ಹೇಳಿದ ಮಾತು ನೆನಪುಂಟಾ? “ಅಣ್ಣ, ಮೊಣಕಾಲು ಆಗುವುದಿಲ್ಲ, ಇನ್ನು ಆಡುವುದಿಲ್ಲ.” ನಾನು ನಂಬಿದೆ. ಎಣ್ಣೆಯನ್ನೂ ತಿಕ್ಕಿದೆ. ತಿಂಗಳೊಳಗೆ ನಿನಗೆ ವೀಸಾ ಬಂತು. ಮೊಣಕಾಲು ವಿಮಾನ ಹತ್ತಿತು. ನೀನಿಲ್ಲದ ಮೂಲೆಯಿಂದ ಕಾರ್ಕಳದವರು ದನ ಗದ್ದೆಗೆ ನುಗ್ಗಿದ ಹಾಗೆ ನುಗ್ಗಿದರು. ಹದಿನೆಂಟು ವರ್ಷ ದೊಡ್ಡವನಾದ ನಾನು, ನಿನಗೆ ನಡೆಯಲು ಕಲಿಸಿದ ಮೇಲೆ ಕಲಿಸಿದ ಮೊದಲನೆಯ ವಿದ್ಯೆ ಅದು: ಎದುರಾಳಿಯ ಕಾಲು ಹಿಡಿದರೆ ಅವನ ಉಸಿರು ಕಡಿಯುವ ತನಕ ಬಿಡಬಾರದು. ಆ ವಿದ್ಯೆ ಈಗ ಯಾವ ದೊರೆಯ ಸೇವೆಯಲ್ಲಿ ಉಂಟು?

ಕಾಪುವಿನಲ್ಲಿ ಕಾಲುನೋವು, ದುಬೈಯಲ್ಲಿ ಓಟ;
ಅಣ್ಣ ಕರೆದರೆ ಆಗದ ಮೈ, ದೊರೆ ಕರೆದರೆ ಆಟ.

ಮದುವೆಯಾಗಿ ಎರಡು ತಿಂಗಳಿಗೆ ಬಿಟ್ಟುಹೋದ ಹೆಂಡತಿ ಇಲ್ಲಿ ದಿನಾ ಬಸ್ಸು ಹಿಡಿದು ಕಡಿಯಾಳಿಗೆ ಹೋಗಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಾಳೆ. ಫೋಟೋ ಅವಳ ಟ್ರಂಕಿನಲ್ಲಿ ಉಂಟು. ಅವಳು ಎಂತದ್ದೂ ಹೇಳಲಿಲ್ಲ. ಹೇಳಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ.

ನಿನ್ನ ಅಣ್ಣ,
ಭೋಜ


ದುಬೈ
9-4-1982

ಅಣ್ಣನಿಗೆ,

ನಿಮಗೆ ಸಿಟ್ಟು ಬಂದದ್ದು ಓದುವ ಮೊದಲೇ ಗೊತ್ತಾಯಿತು. ಪೆನ್ನು ಒತ್ತಿದ ಗುರುತು ಕಾಗದದ ಹಿಂಬದಿಗೆ ಮೂಡಿತ್ತು.

ಮೊಣಕಾಲಿನ ವಿಷಯ ಸುಳ್ಳೇ. ವೀಸಾ ಬರುತ್ತದೆಂದು ಹೇಳಿದ್ದರೆ ನೀವು ಬಿಡುತ್ತಿರಲಿಲ್ಲ.

ರಗ್ಬಿಗೆ ನಾನಾಗಿ ಹೋದದ್ದಲ್ಲ. ಊರಿನ ಹೊರಗೆ ಒಂದು ಮೈದಾನ ಉಂಟು, ಹುಲ್ಲಿಲ್ಲ, ಬರೀ ಮರಳು. ಶುಕ್ರವಾರ ನಮ್ಮ ಕಂಪೆನಿಯ ಸಾಹೇಬರುಗಳು ಅಲ್ಲಿ ಆಡುತ್ತಾರೆ. ಅವರು ಬರುವ ಮೊದಲು ನಾವು ಕೆಲಸದವರು ಒಂದು ಕಡೆಯಿಂದ ಸಾಲಾಗಿ ನಡೆದು ಕಲ್ಲು ಹೆಕ್ಕಬೇಕು, ಆಮೇಲೆ ಮರಳು ಬಾಚಬೇಕು. ಒಂದು ದಿನ ಒಬ್ಬ ಆಟಗಾರ ಕಡಿಮೆ ಬಿದ್ದ. ಮ್ಯಾನೇಜರ್ ಪ್ರೆಸ್ಟನ್ ಸಾಹೇಬನೇ ಆ ತಂಡಕ್ಕೂ ದೊಡ್ಡವನು. ನನ್ನ ಕಡೆಗೆ ಬೆರಳು ತೋರಿಸಿ “ನೀನು ನಿಲ್ಲು” ಎಂದ. ಒಬ್ಬ ಗೂಳಿಯಂಥವನು ಚೆಂಡು ಅಪ್ಪಿಕೊಂಡು ನೇರ ನನ್ನ ಮೇಲೆಯೇ ಓಡಿ ಬಂದ. ನನಗೆ ಚೆಂಡು ಕಾಣಲಿಲ್ಲ ಅಣ್ಣ, ಪಾದ ಮಾತ್ರ ಕಂಡಿತು. ಹಿಡಿದೆ. ಅವನು ಬಿದ್ದ ಸದ್ದಿಗೆ ಎಲ್ಲರೂ ನಿಂತುಬಿಟ್ಟರು. ಅಂದಿನಿಂದ ಬೆಳಿಗ್ಗೆ ಕಲ್ಲು ಹೆಕ್ಕುವುದೂ ನಾನೇ, ಆಮೇಲೆ ಆಡುವುದೂ ನಾನೇ.

ನಮ್ಮ ಕಬಡ್ಡಿಯ ಹಾಗೆ ಇಲ್ಲಿಯೂ ಏಳೇ ಜನ. ಅದಕ್ಕೇ ಸೆವೆನ್ಸ್ ಎನ್ನುವುದು. ಚೆಂಡು ಹಿಡಿದು ಓಡಿ ಎದುರಿನವರ ಗೆರೆಯಾಚೆ ಊರಬೇಕು. ಕೈಯಿಂದ ಕೊಡುವುದಾದರೆ ಹಿಂದೆ ಇದ್ದವನಿಗೆ ಮಾತ್ರ ಕೊಡಬೇಕು. ಕಷ್ಟವಾದದ್ದು ಒಂದೇ ನಿಯಮ: ಹಿಡಿದು ಬೀಳಿಸಿದ ಕೂಡಲೇ ಅವನನ್ನು ಬಿಡಬೇಕು. ಬಿಡದಿದ್ದರೆ ಪೆನಾಲ್ಟಿ. ನನ್ನ ಕೈ ಮಾತು ಕೇಳುತ್ತಿರಲಿಲ್ಲ. ಪ್ರೆಸ್ಟನ್ ಹಿಂದೆ ನಿಂತು “ಬಿಡು, ಬಿಡು” ಎಂದು ಕೂಗಿ ಕೂಗಿ ಕಲಿಸಿದ. ಈಗ ಬಿಡುತ್ತೇನೆ.

ಇನ್ನು ಮುಖ್ಯ ಸಂಗತಿ. ನವೆಂಬರ್ ಕೊನೆಗೆ ಇಲ್ಲಿ ಅಂತರರಾಷ್ಟ್ರೀಯ ಪಂದ್ಯಾಟ ಉಂಟು. ಬಹ್ರೈನ್, ದೋಹಾ, ಮಸ್ಕತ್, ಇಂಗ್ಲೆಂಡಿನಿಂದಲೇ ಒಂದು ತಂಡ, ಎಲ್ಲ ಬರುತ್ತವೆ. ಕಪ್ ಗೆದ್ದರೆ ನನಗೆ ಫ್ಯಾಮಿಲಿ ಕ್ವಾರ್ಟರ್ಸ್ ಕೊಡುತ್ತೇನೆಂದು ಪ್ರೆಸ್ಟನ್ ಹೇಳಿದ್ದಾನೆ. ಸ್ಟೋರಿನವರಿಗೆ ಅದು ಸಿಗುವುದೇ ಇಲ್ಲ. ಕ್ವಾರ್ಟರ್ಸ್ ಇಲ್ಲದೆ ಹೆಂಡತಿಗೆ ವೀಸಾ ಇಲ್ಲ. ಕುಶಲಾಳಿಗೂ ಬರೆದಿದ್ದೇನೆ. ಅವಳು ಇಲ್ಲಿಗೆ ಬರಲು ನನಗೆ ಬೇರೆ ದಾರಿ ಇಲ್ಲ. ಬಯ್ಯಬೇಡಿ.

ಚಂದ್ರಹಾಸ


ಕಾಪು
20-6-1982

ಚಂದು,

ಬಯ್ಯಬೇಡಿ ಎಂದು ಬರೆದಿದ್ದೀ. ಹಾಗಾದರೆ ಈ ಪತ್ರ ಇಲ್ಲಿಗೇ ಮುಗಿಸಬೇಕಾಗುತ್ತದೆ.

ಮೊನ್ನೆ ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನಲ್ಲಿ ಕಾಯಿ ಹೊರುವ ನಮ್ಮ ವಿಠಲನಿಗೆ ನಿನ್ನ ಆಟ ವಿವರಿಸಿದೆ. ತೆಂಗಿನಕಾಯಿ ರಾಶಿಯ ಮೇಲೆ ಕೂತು ಪೂರಾ ಕೇಳಿದ. “ಭೋಜಣ್ಣ, ಮುಂದೆ ಹೋಗಬೇಕಾದವ ಹಿಂದಿನವನಿಗೆ ಕೊಡುವುದಾ?” ಎಂದ. ಹೌದು ಎಂದೆ. “ಕಷ್ಟಪಟ್ಟು ಹಿಡಿದವನನ್ನು ಬಿಡುವುದಾ?” ಹೌದು ಎಂದೆ. “ಮತ್ತೆ ಹಿಡಿಯುವುದು ಯಾಕೆ ಮಾರಾಯ್ರೆ, ಮೊದಲೇ ದಾರಿ ಬಿಟ್ಟರೆ ಆಗಲಿಲ್ವಾ!” ಕನ್ನಡ ಮೀಡಿಯಮ್ಮಿನ ಬಿ.ಎ. ಪದವಿ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಒಂದು ಪದ್ಯ ಹೇಳಿ ಎದ್ದು ಬಂದೆ:

ಮುಂದಕ್ಕೆ ಹೋಗಲು ಹಿಂದಕ್ಕೆ ಕೊಡು,
ಹಿಡಿದವನನ್ನು ಕೂಡಲೇ ಬಿಡು;
ಕಪ್ಪನು ಗೆದ್ದರೆ ಹೆಂಡತಿ ನಿನಗೆ,
ಸೋತರೆ ಮೈಗೆ ಮರಳನೆ ತೊಡು.

ನಗಬೇಡ. ನನ್ನ ಸಿಟ್ಟು ಇರುವುದು ಮೂರನೆಯ ಸಾಲಿನಲ್ಲಿ. ಕಪ್ಪಿಗೂ ನಿನ್ನ ಹೆಂಡತಿಗೂ ಎಂತ ಸಂಬಂಧ? ಅವಳೇನು ಪಂದ್ಯಾಟದಲ್ಲಿ ಇಟ್ಟ ಬಹುಮಾನವಾ? ನೀನು ಸ್ಟೋರಿನಲ್ಲಿ ಮಾಡುವ ಕೆಲಸಕ್ಕೆ ಮನೆ ಕೊಡಬೇಕು, ಇಲ್ಲವಾದರೆ ಕೊಡುವುದಿಲ್ಲವೆಂದು ಹೇಳಬೇಕು. ಅವನು ಈ ಮಾತನ್ನು ಯಾರ ಎದುರಿಗೆ ಹೇಳಿದ? ನಾಳೆ ಇಲ್ಲ ಎಂದರೆ ನೀನು ಯಾರ ಹತ್ತಿರ ಹೋಗಿ ಹೇಳುತ್ತೀ?

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು. ಕುಶಲಾಳನ್ನು ಉಡುಪಿಗೆ ಕರೆದುಕೊಂಡು ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ. ಸಿಟ್ಟು ಬೇರೆ, ಕೆಲಸ ಬೇರೆ. ಸ್ಟುಡಿಯೋದವನು “ಸ್ವಲ್ಪ ನಗಿ ಅಮ್ಮ” ಎಂದ. ಅವಳು “ಪಾಸ್‌ಪೋರ್ಟಿಗೆ ನಗು ಬೇಕೂಂತ ಉಂಟಾ?” ಎಂದು ಕೇಳಿದಳು. ಅವನು ಬಾಯಿ ಮುಚ್ಚಿ ಬಟನ್ ಒತ್ತಿದ.

ಭೋಜ


ದುಬೈ
12-11-1982

ಅಣ್ಣನಿಗೆ,

ತಂಡದ ಜೆರ್ಸಿ ಕೊಟ್ಟರು. ನನ್ನದು ಆರನೆಯ ನಂಬರು. ಲಿಯೋನೆಲ್ ಅದನ್ನು ಇಸ್ತ್ರಿ ಮಾಡಿ ಗೋಡೆಗೆ ನೇತುಹಾಕಿ ಶಿಲುಬೆಯ ಗುರುತು ಮಾಡಿದ. ನನ್ನ ರೂಮಿನವನು, ಕಾರ್ಕಳದ ಕಡೆಯವನು. ಕಂಪೆನಿಯ ಬಸ್ಸು ಓಡಿಸುತ್ತಾನೆ, ಹಿಂದೆ ಬರೆದಿದ್ದೆ.

ಕುಶಲಾ ಹೊಲಿಗೆ ಕ್ಲಾಸಿನ ಕೆಲಸ ಬಿಟ್ಟಳಂತೆ. ಗೆಲ್ಲುವ ಮೊದಲೇ ಯಾಕೆ ಬಿಟ್ಟಳು? ಅವಳನ್ನು ನೀವಾದರೂ ತಡೆಯಬಹುದಿತ್ತು. ಈಗ ಬೇಡ ಎಂದು ಬರೆದರೆ ನನಗೆ ನಂಬಿಕೆ ಇಲ್ಲವೆಂದು ಆಗುತ್ತದೆ. ಬರೆಯಲಿಲ್ಲ.

ಇಪ್ಪತ್ತಾರಕ್ಕೆ ಪಂದ್ಯಾಟ. ಮುಗಿದ ಕೂಡಲೇ ಬರೆಯುತ್ತೇನೆ.

ಚಂದ್ರಹಾಸ


ಕಾಪು
27-12-1982

ಶ್ರೀ ಲಿಯೋನೆಲ್ ಅವರಿಗೆ,

ನಾವು ಮುಖ ನೋಡಿದವರಲ್ಲ. ನಾನು ನಿಮ್ಮ ರೂಮಿನಲ್ಲಿರುವ ಚಂದ್ರಹಾಸನ ಅಣ್ಣ. ನಿಮಗೆ ಹಬ್ಬದ ಶುಭಾಶಯ ಮೊದಲು, ಜಗಳ ನಂತರ.

ಪಂದ್ಯಾಟ ಮುಗಿದ ಕೂಡಲೇ ಬರೆಯುತ್ತೇನೆಂದವನು ಒಂದಕ್ಷರ ಬರೆದಿಲ್ಲ. ಮೂರು ಪತ್ರ ಹಾಕಿದೆ. ಅವನ ಹೆಂಡತಿ ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅಂಗಳದಲ್ಲಿ ಏನಾದರೊಂದು ಕೆಲಸ ಇಟ್ಟುಕೊಳ್ಳುತ್ತಾಳೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಾಳೆ. ನಾನು ಅದನ್ನು ಕಾಣದವನ ಹಾಗೆ ಬಾಗಿಲಲ್ಲಿ ಪೇಪರ್ ಓದುತ್ತೇನೆ. ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ನಾಟಕ ಇದು, ಟಿಕೆಟ್ ಇಲ್ಲ.

ಅವನು ಬದುಕಿದ್ದಾನೆಯೇ? ಕಾಲು ಮುರಿದಿದೆಯೇ? ಗೆದ್ದು ತಲೆ ತಿರುಗಿದೆಯೇ? ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಸಿಹಿ ಹಾಕಬೇಡಿ.

ಇತಿ,
ಭೋಜ


ದುಬೈ
10-1-1983

ಪ್ರೀತಿಯ ಭೋಜಣ್ಣ,

ನನ್ನ ಕನ್ನಡ ಇಗರ್ಜಿಯ ಶಾಲೆಯ ಕನ್ನಡ, ತಪ್ಪಿದ್ದರೆ ಮಾಫಿ ಮಾಡಿ. ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು.

ಚಂದು ಬದುಕಿದ್ದಾನೆ. ಕಾಲು ಸರಿ ಉಂಟು. ಮಾತು ಇಲ್ಲ, ಅಷ್ಟೇ. ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ. “ಏ ಚಂದು, ಊರಿಗೆ ಬರಿ ಮಾರಾಯ” ಎಂದರೆ “ನೀನೇ ಬರಿ” ಎನ್ನುತ್ತಾನೆ. ಅದಕ್ಕೆ ನಾನೇ ಬರೆಯುವುದು.

ಆ ದಿನ ನಾನು ಬಸ್ಸಿನಲ್ಲಿ ಎಲ್ಲರನ್ನೂ ಮೈದಾನಕ್ಕೆ ಕೊಂಡುಹೋದವ. ಗೆರೆಯ ಹತ್ತಿರವೇ ನಿಂತಿದ್ದೆ. ಬೆಳಿಗ್ಗೆಯಿಂದ ನಿಮ್ಮ ತಮ್ಮನ ಆಟ ನೋಡಬೇಕಿತ್ತು ಭೋಜಣ್ಣ! ಇಂಗ್ಲೆಂಡಿನ ತಂಡದವರೂ “ಆ ಆರು ನಂಬರು ಯಾರು” ಎಂದು ಕೇಳಿದರು. ನಾನು “ಆವರ್ ಸೈಡ್, ಆವರ್ ಸೈಡ್” ಎಂದು ಎಲ್ಲರಿಗೂ ಹೇಳಿದೆ. ಫೈನಲ್ ಬಹ್ರೈನಿನವರ ಸಂಗಡ. ಕೊನೆಯ ಗಳಿಗೆ, ನಮ್ಮವರು ಮುಂದೆ ಇದ್ದರು. ಅವರ ಒಬ್ಬ ಚೆಂಡು ಹಿಡಿದು ಓಡಿ ಬಂದ, ಚಂದು ಹಾರಿ ಹಿಡಿದ, ಅವ ಬಿದ್ದ. ಮುಗಿಯಿತು, ಗೆದ್ದೆವು ಎಂದು ನಾನು ಟೊಪ್ಪಿ ಬಿಸಾಡಿದೆ. ಆದರೆ ಚಂದು ಬಿಡಲಿಲ್ಲ. ಪ್ರೆಸ್ಟನ್ ಗೆರೆಯಿಂದ ಕೂಗಿದ, ಕ್ಯಾಪ್ಟನ್ ಕೂಗಿದ, ನಾನೂ ಕೊಂಕಣಿಯಲ್ಲಿ ಕೂಗಿದೆ. ಬಿಡಲಿಲ್ಲ. ಸೀಟಿ ಆಯಿತು, ಪೆನಾಲ್ಟಿ. ಅವರು ತಕ್ಷಣ ಚೆಂಡು ತಟ್ಟಿ ಓಡಿ ಗೆರೆಯಾಚೆ ಊರಿದರು. ಎರಡು ಪಾಯಿಂಟಿನಲ್ಲಿ ಕಪ್ ಹೋಯಿತು.

ಪ್ರೆಸ್ಟನ್ ಎಲ್ಲರ ಎದುರು ಹೇಳಿದ: “ಮರಳು ಬಾಚುವವನಿಗೆ ಜೆರ್ಸಿ ಕೊಟ್ಟದ್ದು ನನ್ನ ತಪ್ಪು.” ಜೆರ್ಸಿಯನ್ನು ಅಲ್ಲೇ ಬಿಚ್ಚಿಸಿದ. ಚಂದು ಬನಿಯನ್ನಿನಲ್ಲಿ ಬಸ್ಸು ಹತ್ತಿದ.

ಕ್ವಾರ್ಟರ್ಸ್ ಇಲ್ಲ ಎಂದಾಯಿತು. ಕ್ರಿಸ್ಮಸ್ ಕಳೆದ ಮೇಲೆ ಪ್ರೆಸ್ಟನ್ ಇನ್ನೊಂದು ಮಾತು ಹೇಳಿ ಕಳುಹಿಸಿದ್ದಾನೆ. ತಂಡದ ಎದುರು ನಿಂತು ಕ್ಷಮೆ ಕೇಳಿದರೆ ನೋಡುವ ಎಂದು. ಅವನಿಗೂ ಗೊತ್ತುಂಟು, ಇಂಥ ಹಿಡಿತ ಇನ್ನೊಬ್ಬನಲ್ಲಿ ಇಲ್ಲ. ಚಂದು ಇನ್ನೂ ಹೋಗಿಲ್ಲ. ನಿಯಮ ಗೊತ್ತಿದ್ದೂ ಯಾಕೆ ಬಿಡಲಿಲ್ಲ ಎಂದು ನಾನು ಕೇಳಿದೆ. ಚಾದರ ಎಳೆದುಕೊಂಡು ಮಲಗಿದ.

ನಿಮ್ಮ,
ಲಿಯೋನೆಲ್


ಕಾಪು
24-1-1983

(ಲಿಯೋನೆಲ್, ಇದು ನಿಮ್ಮ ಮ್ಯಾನೇಜರಿಗೆ. ಇಂಗ್ಲಿಷಿಗೆ ಮಾಡಿ ಅವನೆದುರು ನಿಂತು ಗಟ್ಟಿಯಾಗಿ ಓದಬೇಕು. ಸಾಧ್ಯವಾದರೆ ಪ್ರಾಸ ಉಳಿಸಿ.)

ಪ್ರೆಸ್ಟನ್ ದೊರೆಗಳೇ,

ನಾನು ನಿಮ್ಮ ಆರನೆಯ ನಂಬರಿನ ಅಣ್ಣ. ನನಗೆ ಇಂಗ್ಲಿಷಿನಲ್ಲಿ ರಜೆಯ ಅರ್ಜಿ ಬರೆಯಲು ಮಾತ್ರ ಬರುತ್ತದೆ. ಸಿಟ್ಟು ಬಂದರೆ ಕನ್ನಡವೇ ಆಗಬೇಕು.

ನನ್ನ ತಮ್ಮ ಬಿಡಲಿಲ್ಲ ಎಂದು ನೀವು ಅವನ ಅಂಗಿ ಬಿಚ್ಚಿಸಿದಿರಂತೆ. ಅವನು ಯಾಕೆ ಬಿಡಲಿಲ್ಲ ಎಂದು ನಾನು ಹೇಳುತ್ತೇನೆ, ಕೇಳಿ. ಅವನಿಗೆ ಹಿಡಿಯಲು ಕಲಿಸಿದವನು ನಾನು. ಕಾಪುವಿನ ಮರಳಿನಲ್ಲಿ ಕಲಿಸಿದ್ದು. ಉಸಿರು ಕಡಿಯುವ ತನಕ ಬಿಡಬಾರದೆಂದು ಕಲಿಸಿದ್ದು. ನಿಮ್ಮ ಎಂಟೊಂಬತ್ತು ತಿಂಗಳ ಕೂಗಾಟ ನನ್ನ ಹದಿನೈದು ವರ್ಷದ ಪಾಠವನ್ನು ಅಳಿಸಲಿಲ್ಲ. ಇಲ್ಲಿ ನಾನು ಇದನ್ನು ಬಸ್ಸಿನಲ್ಲೂ ಯಾರ್ಡಿನಲ್ಲೂ ಎಲ್ಲರಿಗೂ ಹೇಳಿದ್ದೇನೆ. ಎಲ್ಲರೂ ನಿಮಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ.

ಗೆದ್ದರೆ ಕುಣಿದು, ಸೋತರೆ ಕುದಿದು, ಅಂಗಿಯ ಕಳಚುವ ದೊರೆಯೇ,
ಏಳೂ ಜನರು ಸೋತಾಟಕ್ಕೆ ಒಬ್ಬನ ತಲೆಗೇ ಹೊರೆಯೇ?

ಅವನು ಕ್ಷಮೆ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಆ ಕ್ರಮ ಇಲ್ಲ. ನಿಮ್ಮ ಮನೆಯಲ್ಲಿ ಇದ್ದರೆ ನೀವೇ ಕೇಳಿ.

ಭೋಜ, ಬಿ.ಎ.


ದುಬೈ
20-2-1983

ಅಣ್ಣನಿಗೆ,

ನಿಮ್ಮ ಪತ್ರವನ್ನು ಲಿಯೋನೆಲ್ ಊಟದ ಹೊತ್ತಿಗೆ ಮೆಸ್ಸಿನಲ್ಲಿ ಓದಿದ. ಊರಿನವರೆಲ್ಲ ಚಪ್ಪಾಳೆ ತಟ್ಟಿದರು. ‘ದೊರೆಯೇ, ಹೊರೆಯೇ’ ಎಂದು ಎರಡು ದಿನ ಹಾಡಿಕೊಂಡು ತಿರುಗಿದರು. ನಾನು ಅದನ್ನು ಹರಿದು ಹಾಕಿದೆ. ಪ್ರೆಸ್ಟನಿಗೆ ತಲುಪಲಿಲ್ಲ.

ನಾನು ಕ್ಷಮೆ ಕೇಳಿದ್ದೇನೆ. ಮೊನ್ನೆ ಶುಕ್ರವಾರ. ಏನು ಹೇಳಬೇಕೆಂದು ಲಿಯೋನೆಲ್ ಇಂಗ್ಲಿಷಿನಲ್ಲಿ ಕಲಿಸಿಕೊಟ್ಟ. ಸಾಲಾಗಿ ನಿಂತವರ ಎದುರು ನಿಂತು ಹೇಳಿದೆ. ಮೇ ತಿಂಗಳಿನಿಂದ ಕ್ವಾರ್ಟರ್ಸ್ ಕೊಡುತ್ತಾರೆ, ಕೀ ತೋರಿಸಿದ್ದಾರೆ. ಕುಶಲಾಳ ವೀಸಾಕ್ಕೆ ಹಾಕಿದ್ದೇನೆ.

ಇನ್ನು ನಿಮ್ಮ ಪಾಠದ ವಿಷಯ. ನಾನು ನಿಯಮ ಮರೆತದ್ದಲ್ಲ. ನಿಮ್ಮ ಪಾಠ ನೆನಪಾಗಿ ಕೈ ಕಚ್ಚಿಕೊಂಡದ್ದೂ ಅಲ್ಲ. ಊರೆಲ್ಲ ಹಾಗೆ ಹೇಳಿಕೊಂಡು ತಿರುಗಿದ್ದೀರಲ್ಲ, ಇನ್ನು ಅದನ್ನು ಹೇಗೆ ವಾಪಸ್ಸು ತೆಗೆದುಕೊಳ್ಳುತ್ತೀರೋ ನಿಮಗೇ ಬಿಟ್ಟದ್ದು.

ಆ ದಿನ ಮಧ್ಯಾಹ್ನ ಆಟಗಾರರಿಗೂ ಅವರ ಮನೆಯವರಿಗೂ ಒಂದು ಬಿಳಿ ಟೆಂಟಿನಲ್ಲಿ ಊಟ. ಮೇಜು, ಕುರ್ಚಿ, ಫ್ಯಾನು. ಮೂರು ಆಟ ಗೆದ್ದು ನಾನೂ ಆರು ಜನರ ಹಿಂದೆ ನಡೆದು ಹೋದೆ. ಪ್ರೆಸ್ಟನ್ ಹೆಗಲ ಮೇಲೆ ಕೈ ಹಾಕಿದ. ಶಾಭಾಸ್ ಎನ್ನುತ್ತಾನೆ ಎಂದುಕೊಂಡೆ. “ನಿನಗೆ ಆಚೆ ಉಂಟು” ಎಂದ. ಸಿಟ್ಟಿನಲ್ಲಿ ಅಲ್ಲ ಅಣ್ಣ, ನಗುತ್ತಾ, ದಾರಿ ತಪ್ಪಿದವನಿಗೆ ಹೇಳುವ ಹಾಗೆ. ನೀರಿನ ಟ್ಯಾಂಕಿನ ಹಿಂದೆ ಕಲ್ಲು ಹೆಕ್ಕುವವರ ಜೊತೆ ಕೂತು ತಿಂದೆ. ಅವರೂ ನನ್ನ ಜೆರ್ಸಿ ನೋಡಿದರು, ಸರಿದು ಜಾಗ ಮಾಡಿದರು.

ಫೈನಲಿನಲ್ಲಿ ಆ ಬಹ್ರೈನಿನವನನ್ನು ಹಿಡಿದಾಗ ಪ್ರೆಸ್ಟನ್ “ಬಿಡು” ಎಂದು ಕೂಗಿದ್ದು ಸ್ಪಷ್ಟವಾಗಿ ಕೇಳಿತು. ಅವನು ಹೇಳಿದ ಹಾಗೆ ಇನ್ನೊಮ್ಮೆ ಮಾಡಲು ನನಗೆ ಮನಸ್ಸಾಗಲಿಲ್ಲ. ಗೊತ್ತಿದ್ದೇ ಹಿಡಿದುಕೊಂಡೆ. ಆಮೇಲೆ ಬಸ್ಸಿನಲ್ಲಿ ಕುಶಲಾಳ ನೆನಪಾಯಿತು. ಅವಳು ಕೆಲಸ ಬಿಟ್ಟು ಕೂತದ್ದು ನೆನಪಾಯಿತು. ನನ್ನ ಸಿಟ್ಟಿಗೆ ಅವಳು ದಂಡ ತೆರುವುದಾ?

ನಿಮ್ಮ ಸಿಟ್ಟು ಮನೆಯಲ್ಲಿ ಉಂಡು ಮನೆಯಲ್ಲೇ ಮಲಗುತ್ತದೆ. ನನ್ನದಕ್ಕೆ ಇಲ್ಲಿ ಜಾಗ ಇಲ್ಲ. ಕ್ಷಮೆ ಕೇಳಿದವನು ನಾನು, ನೀವಲ್ಲ. ಇನ್ನು ಇದರ ಬಗ್ಗೆ ಪದ್ಯ ಕಟ್ಟಬೇಡಿ.

ಚಂದ್ರಹಾಸ


ಕಾಪು
8-3-1983

(ಅಂಚೆ ಕಾರ್ಡು)

ಚಂದುವಿಗೆ,

ಇದನ್ನು ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಪೋಸ್ಟ್‌ಮ್ಯಾನೂ ಓದಲಿ. ಉಣ್ಣಲು ಪಕ್ಕಕ್ಕೆ ಕೂರಿಸದವನ ಎದುರು ನೀನು ಕ್ಷಮೆ ಕೇಳಿದ್ದೀ. ಅವನ ಕೀಯಿಂದ ತೆರೆಯುವ ಮನೆಯಲ್ಲಿ ಸುಖವಾಗಿರು. ಕುಶಲಾಳನ್ನು ಬೊಂಬಾಯಿ ಬಸ್ಸಿಗೆ ಹತ್ತಿಸುವುದು ನನ್ನ ಕರ್ತವ್ಯ, ಮಾಡುತ್ತೇನೆ. ಆಮೇಲೆ ನನ್ನಿಂದ ಪತ್ರ ಬರುವುದಿಲ್ಲ. ಇದಕ್ಕೆ ಪ್ರಾಸ ಇಲ್ಲ, ಹುಡುಕಲೂ ಇಲ್ಲ.

ಭೋಜ


ದುಬೈ
4-12-1983

ಭಾವನವರಿಗೆ ಕುಶಲಾ ಮಾಡುವ ನಮಸ್ಕಾರ.

ನಾನು ಬಂದ ಮೇಲೆ ನೀವು ಮನೋರಮಕ್ಕನ ಕೈಯಿಂದ ಬರೆಸುತ್ತೀರಿ. ‘ಭಾವ ಚೆನ್ನಾಗಿದ್ದಾರೆ’ ಎಂದು ಅಕ್ಕ ಬರೆಯುತ್ತಾಳೆ. ಅಕ್ಷರ ಅವಳದು, ಕಾಮಾ ಫುಲ್‌ಸ್ಟಾಪು ನಿಮ್ಮದು. ಇವರು ಅದನ್ನು ನೋಡುತ್ತಾರೆ, ಮಡಚಿ ಇಡುತ್ತಾರೆ. ನನಗೆ ಇಬ್ಬರನ್ನೂ ಕಂಡರೆ ಸಿಟ್ಟು ಬರುತ್ತದೆ. ಇಷ್ಟು ದಿನ ನಾನು ಬರೆಯಲಿಲ್ಲ. ಇವತ್ತು ಪೂರಾ ಬರೆಯುತ್ತೇನೆ.

ಹೋದ ವಾರ ಈ ವರ್ಷದ ಸೆವೆನ್ಸ್ ಆಯಿತು. ಇವರನ್ನು ಪುನಃ ತಂಡಕ್ಕೆ ಸೇರಿಸಿಕೊಂಡಿದ್ದಾರೆ. ನಾನೂ ಬರುತ್ತೇನೆಂದೆ. “ಬೇಡ, ಅಲ್ಲಿ ಬಿಸಿಲು” ಎಂದರು. ಬಿಸಿಲು ನೋಡದವಳಾ ನಾನು? ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಗಸಿ ಮಾಡಿ ಕ್ಯಾರಿಯರಿಗೆ ಹಾಕಿ ಲಿಯೋನೆಲಣ್ಣನ ಬಸ್ಸಿನಲ್ಲಿ ಹೋದೆ.

ಮಧ್ಯಾಹ್ನ ಆ ಬಿಳಿ ಟೆಂಟಿಗೆ ಹೋದೆ. ಬಾಗಿಲಲ್ಲಿ ಒಬ್ಬ ಪಠಾಣ ನಿಂತಿದ್ದ. “ಬೆಹನ್‌ಜಿ, ಉಧರ್” ಎಂದು ಟ್ಯಾಂಕಿನ ಕಡೆ ತೋರಿಸಿದ. ಪಾಪ, ಅವನದೂ ಕೆಲಸ. ನಾನು “ಮೇರಾ ಆದ್ಮಿ ಛೇ ನಂಬರ್” ಎಂದು ಹೇಳಿ ಒಳಗೆ ನಡೆದೆ. ಖಾಲಿ ಕುರ್ಚಿ ಇತ್ತು. ಕೂತೆ. ಕ್ಯಾರಿಯರ್ ಬಿಚ್ಚಿದೆ. ಬಂಗುಡೆಯ ಪರಿಮಳ ಫ್ಯಾನಿನ ಗಾಳಿಗೆ ಟೆಂಟು ಪೂರಾ ತಿರುಗಿತು. ಪಕ್ಕದ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದು ಎದ್ದು ಹೋದಳು. ಒಳ್ಳೆಯದಾಯಿತು, ಕ್ಯಾರಿಯರಿನ ಮುಚ್ಚಳ ಇಡಲು ಅವಳ ಕುರ್ಚಿ ಸಿಕ್ಕಿತು.

ಪ್ರೆಸ್ಟನ್ ಬಂದ. ಏನೋ ಹೇಳಿದ, ನಗುತ್ತಲೇ ಹೇಳಿದ. ನನಗೆ ಬರುವ ಇಂಗ್ಲಿಷ್ ನಾನೂ ಹೇಳಿದೆ: “ಮೈ ಹಸ್ಬೆಂಡ್ ಪ್ಲೇಯರ್.” ಅವನು ಮತ್ತೆ ಹೇಳಿದ. ನಾನು ಮತ್ತೆ ಅದನ್ನೇ ಹೇಳಿದೆ. ಅಷ್ಟರಲ್ಲಿ ಯಾರೋ ಹೇಳಿ ಇವರು ಓಡಿ ಬಂದರು. ಮೈಯೆಲ್ಲ ಮರಳು. ಟೆಂಟಿನ ಹಗ್ಗದ ಆಚೆಯೇ ನಿಂತು ತುಳುವಿನಲ್ಲಿ ಹೇಳಿದರು: “ಎದ್ದು ಬಾ. ನನ್ನ ಮಾನ ತೆಗೆಯಬೇಡ.”

ಭಾವ, ಆಗ ನನಗೆ ಬಂದ ಸಿಟ್ಟು ಆ ಪ್ರೆಸ್ಟನಿನ ಮೇಲೆ ಕೂಡ ಬಂದಿರಲಿಲ್ಲ. ಗಟ್ಟಿಯಾಗಿಯೇ ಹೇಳಿದೆ. ಯಾರಿಗೂ ತುಳು ಬರುವುದಿಲ್ಲವಲ್ಲ. “ಯಾರ ಮಾನ? ನನಗಾಗಿ ತಲೆ ತಗ್ಗಿಸಿದೆ ಎಂದು ಊರಿಗೆಲ್ಲ ಬರೆದಿರಿ. ನನ್ನನ್ನು ಕೇಳಿ ತಗ್ಗಿಸಿದ್ದಾ? ನಿಮ್ಮ ಅಣ್ಣ ನನ್ನನ್ನು ಕೇಳಿ ಸಿಟ್ಟು ಮಾಡಿದ್ದಾ? ಎರಡು ವರ್ಷದಿಂದ ನನ್ನ ಹೆಸರು ಹೇಳಿಕೊಂಡು ನೀವಿಬ್ಬರೂ ಜಗಳ ಮಾಡಿದಿರಿ. ಈಗ ನಾನೇ ಒಂದು ಕೇಳುತ್ತೇನೆ. ಬಂದು ಪಕ್ಕದಲ್ಲಿ ಕೂತು ಉಣ್ಣಿ. ಅಷ್ಟೇ.”

ಇವರು ಹಗ್ಗ ಹಿಡಿದುಕೊಂಡು ನಿಂತರು. ನಾನು ಅನ್ನ ಕಲಸತೊಡಗಿದೆ. ನೋಡಲಿಲ್ಲ. ನೋಡಿದರೆ ನನಗೇ ಅಳು ಬರುತ್ತಿತ್ತು.

ಆಮೇಲೆ ಕುರ್ಚಿ ಎಳೆದ ಸದ್ದಾಯಿತು. ಮುಚ್ಚಳ ತೆಗೆದು ಇವರು ಕೂತರು. ಕೈ ತೊಳೆದಿರಲಿಲ್ಲ, ನಾನು ಬಯ್ದು ಬಾಟಲಿ ನೀರಿನಲ್ಲಿ ತೊಳೆಸಿದೆ. ಉಂಡರು. ಪ್ರೆಸ್ಟನ್ ಸ್ವಲ್ಪ ಹೊತ್ತು ನಿಂತ. ಫೈನಲ್ ಬಾಕಿ ಇತ್ತು, ಅವನಿಗೆ ಇವರು ಬೇಕಿತ್ತು. ಬೇರೆ ಮೇಜಿಗೆ ಹೋದ. ನಾಳೆ ಕ್ವಾರ್ಟರ್ಸ್ ಖಾಲಿ ಮಾಡು ಎನ್ನುತ್ತಾನೋ ಏನೋ. ಇವತ್ತಿನ ತನಕ ಹೇಳಿಲ್ಲ. ಹೇಳಿದರೆ ನಾನು ಮತ್ತು ಹೊಲಿಗೆ ಮೆಷಿನು ಊರಿಗೆ ಬರುತ್ತೇವೆ, ಇವರೂ ಬರಬಹುದು. ಭಯ ಉಂಟು. ಆದರೆ ಕಳೆದ ವರ್ಷದ ಭಯದ ಹಾಗೆ ಇಲ್ಲ.

ಗೆದ್ದರೋ ಸೋತರೋ ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಆ ಹೊತ್ತಿಗೆ ಪಾತ್ರೆ ತೊಳೆಯಲು ನಲ್ಲಿ ಹುಡುಕಿಕೊಂಡು ಹೋಗಿದ್ದೆ. ಮನೆಗೆ ಬಂದು ಕೇಳಲೂ ಇಲ್ಲ. ನಿಮಗೆ ಬೇಕಾದರೆ ಇವರನ್ನೇ ಕೇಳಿ.

ಕುಶಲಾ


ಕಾಪು
19-12-1983

ಚಂದು,

ನನ್ನ ಸಿಟ್ಟು ಇಳಿದಿಲ್ಲ. ನಿನ್ನ ಹೆಂಡತಿಯ ಸಿಟ್ಟಿನ ಎದುರು ಅದನ್ನು ಹೊರಗೆ ತೆಗೆಯಲು ಸದ್ಯಕ್ಕೆ ನಾಚಿಕೆಯಾಗುತ್ತಿದೆ.

ಯಾರ್ಡಿನಲ್ಲಿ ವಿಠಲನಿಗೆ ನಿಜ ಹೇಳಿದೆ. ನನ್ನ ಪಾಠದಿಂದ ಅಲ್ಲ, ಅವನೇ ಬೇಕೆಂದು ಬಿಡದೆ ಹಿಡಿದದ್ದು ಎಂದೆ. “ಅದು ನಮಗೆ ಆವತ್ತೇ ಗೊತ್ತಿತ್ತು, ನೀವು ಬೇಜಾರು ಮಾಡ್ತೀರಿ ಅಂತ ಹೇಳಲಿಲ್ಲ” ಎಂದ. ಅವನ ಮೇಲೂ ಸಿಟ್ಟು ಬಂದಿದೆ.

ಕುಶಲಾ ಎಲ್ಲ ಬರೆದಿದ್ದಾಳೆ. ಟೆಂಟು, ಫ್ಯಾನು, ಬಂಗುಡೆ, ಬಾಟಲಿ ನೀರು, ಎಲ್ಲ. ಫೈನಲ್ ಏನಾಯಿತು? ಸ್ಕೋರು ಎಷ್ಟು? ಕೂಡಲೇ ಬರೆ.

ಭೋಜ